ಅಡುಗೆಯವನ ಹಲ್ಲುನೋವು

ಇವತ್ತು ಪುಂತಾ ಅರೇನಾಸಿನ ಗ್ರಂಥಾಲಯದಲ್ಲಿ
ಮುಂದಿನ ಸಾಲಿನ ಹುಡುಗಿ ಎದ್ದು ಕೇಳಿದಳು:
"ಕತೆ ನಿಮಗೆ ಎಲ್ಲಿಂದ ಬರುತ್ತೆ?"
ಸಮುದ್ರ ಅಂದೆ, ಗಾಳಿ ಅಂದೆ,
ಮೌನ ಅಂತಲೂ ಅಂದುಬಿಟ್ಟೆ, ನಾಚಿಕೆಯಿಲ್ಲದೆ.
ಹುಡುಗಿ ಬರೆದುಕೊಂಡಳು. ಮೇಷ್ಟರು ತಲೆದೂಗಿದರು.

ವಾಪಸು ಬರುವಾಗ ಗಾಳಿ ಎದ್ದಿತ್ತು.
ತಿರುವಿನಲ್ಲಿ ನಗರಸಭೆಯವರು ಕಟ್ಟಿದ ಹಗ್ಗ;
ಅದನ್ನು ಹಿಡಿದು, ಟೋಪಿ ಹಲ್ಲಲ್ಲಿ ಕಚ್ಚಿ,
ಹೆಜ್ಜೆ ಹೆಜ್ಜೆಗೂ ನನ್ನನ್ನೇ ಬೈದುಕೊಂಡೆ:
ಎದುವಿನಾ, ಸುಳ್ಳು ಬರೆದು ಬದುಕುವವಳೇ,
ಇಂಥ ಸಪ್ಪೆ ಸುಳ್ಳು ಹೇಳಬಾರದಿತ್ತು.

ನಿಜ ಹೇಳುವುದಾದರೆ,
ಮೂವತ್ತೊಂದು ವರ್ಷ ಉಣ್ಣೆ ಮಂಡಿಯಲ್ಲಿ ತೂಕ ಬರೆದೆ.
ಚೀಟಿಯ ಮುಂದೆ ಕಿಲೋ, ಹಿಂದೆ ಕತೆ.
ಕುರಿಯ ಜಿಡ್ಡು ಹತ್ತಿದ ಕಾಗದ ಶಾಯಿ ಹಿಡಿಯದು,
ಹಾಗಾಗಿ ಪೆನ್ಸಿಲು. ಹಾಗಾಗಿ ಗಿಡ್ಡ ವಾಕ್ಯ.
ವಿಮರ್ಶಕರೊಬ್ಬರು ಅದನ್ನೇ ಸಂಯಮ ಎಂದು ಹೊಗಳಿದರು.
ಕತ್ತರಿಸಿ ತಂದ ಉಣ್ಣೆಯಲ್ಲಿ ಅರ್ಧ ತೂಕ
ಮಣ್ಣು, ಮುಳ್ಳು, ಬೆವರು; ತೊಳೆದ ಮೇಲೆಯೇ ಬೆಲೆ.
ನಾನು ಪೂರ್ತಿ ತೊಳೆಯುವುದಿಲ್ಲ,
ಒಂದೆರಡು ಮುಳ್ಳು ಬಿಟ್ಟಿರುತ್ತೇನೆ,
ಕುರಿ ಇತ್ತು ಅಂತ ಗೊತ್ತಾಗಲಿ.

ಕದ್ದಿದ್ದೇನೆ ಕೂಡ.
ಪಕ್ಕದ ಮನೆಯ ದೋನ್ ಲಾದಿಸ್ಲಾವ್
ಸೇಬಿನ ಸಿಪ್ಪೆಯನ್ನು ಎಲ್ಲೂ ತುಂಡಾಗದ ಹಾಗೆ
ಒಂದೇ ಎಳೆಯಾಗಿ ಬಿಡಿಸುತ್ತಿದ್ದ;
ಮೊಮ್ಮಕ್ಕಳು ಅದನ್ನು ಕೊರಳಿಗೆ ಹಾಕಿಕೊಂಡು ಕುಣಿಯುತ್ತಿದ್ದವು.
ಆ ಕೈಯನ್ನು ಎರಡನೇ ಪುಸ್ತಕದ ಕೊಲೆಗಾರನಿಗೆ ಕೊಟ್ಟೆ,
ಚೂರಿ ಸಮೇತ.
ಲಾದಿಸ್ಲಾವ್ ಓದಿದ. ಏನೂ ಅನ್ನಲಿಲ್ಲ.
ಅವತ್ತಿನಿಂದ ಸೇಬನ್ನು ಸಿಪ್ಪೆಯೊಂದಿಗೇ ಕಚ್ಚಿ ತಿನ್ನುತ್ತಾನೆ,
ನನ್ನ ಕಿಟಕಿಗೆ ಬೆನ್ನು ಹಾಕಿ.

ಆದರೆ ಮೊದಲ ಕತೆ ನನ್ನದಲ್ಲ, ಅಮ್ಮನದು.
ಅಪ್ಪ ಹೋದ ಹಡಗಿನ ಹೆಸರು ಸಾಂತಾ ಒತೀಲಿಯಾ.
ಎರಡು ಕೂವೆಮರ. ತೇಪೆ ಹಾಕಿದ ಹಾಯಿ.
ಹೊರಟ ದಿನ ಹಡಗಿನ ಅಡುಗೆಯವನಿಗೆ ಹಲ್ಲುನೋವು,
ದವಡೆಗೆ ಬೂದು ಬಟ್ಟೆ ಕಟ್ಟಿಕೊಂಡು ಮೀನು ಕೊಯ್ಯುತ್ತಿದ್ದ,
ಅವನನ್ನೇ ನೋಡುತ್ತ ಅಪ್ಪ ಕೈ ಬೀಸುವುದನ್ನು ಮರೆತ.
ಹೀಗೆ ಅಮ್ಮ, ಚಳಿಗಾಲಕ್ಕೊಂದು ಸಲ, ಒಲೆಯ ಮುಂದೆ.
ಒಂದಕ್ಷರ ಬಾರದವಳು; ಸಹಿಗೆ ಹೆಬ್ಬೆಟ್ಟು.

ಅವಳು ಹೋದ ಮೇಲೆ ಬಂದರಿನ ಕಚೇರಿಗೆ ಹೋದೆ.
ಗುಮಾಸ್ತ ಒಳ್ಳೆಯವನು, ಮೂರು ವರ್ಷದ ಪುಟ ತಿರುವಿದ.
ಆ ಹೆಸರಿನ ಹಡಗು ಬಂದಿಲ್ಲ. ಹೋಗಿಲ್ಲ. ಇರಲೇ ಇಲ್ಲ.
ಅಪ್ಪ ಹೋಗಿದ್ದು ಬಸ್ಸಿನಲ್ಲಿ, ಚಿಕ್ಕಮ್ಮ ಆಮೇಲೆ ಬಾಯಿಬಿಟ್ಟಳು,
ಗಡಿ ದಾಟಿ ರಿಯೋ ಗಯೇಗೋಸಿಗೆ,
ಟಿಕೆಟ್ಟಿಗೆ ಅಮ್ಮನದೇ ದುಡ್ಡು.

ಅಳಬೇಕಿತ್ತೇನೋ. ಕಚೇರಿಯ ಮೆಟ್ಟಿಲ ಮೇಲೆ ಕೂತು
ಒಂದನ್ನೇ ಯೋಚಿಸಿದೆ:
ಹಡಗು ಬೇಕಿತ್ತು, ಸರಿ.
ಗಂಡ ಮುಳುಗಬೇಕಿತ್ತು, ಅದೂ ಸರಿ.
ಇಲ್ಲದ ಹಡಗಿನ ಅಡುಗೆಯವನಿಗೆ
ಹಲ್ಲು ಯಾಕೆ ನೋಯಬೇಕಿತ್ತು?

ಅವತ್ತು ರಾತ್ರಿಯೇ ನಾನು ಮೊದಲ ಚೀಟಿ ತಿರುಗಿಸಿದ್ದು.

ಈಗ ಏಳನೇ ಅಧ್ಯಾಯ. ಹನ್ನೊಂದು ದಿನದಿಂದ
ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ ಒಬ್ಬ.
ಒಳಗೆ ಹೆಂಡತಿ ಬಟಾಟೆ ಬೇಯಿಸುತ್ತಿದ್ದಾಳೆ.
ಹೊಡೆಯಲು ಬಂದನೋ, ಬೇಡಲು ಬಂದನೋ,
ಅವನೂ ಹೇಳ, ನನಗೂ ತಿಳಿಯದು.
ನಿನ್ನೆ ನಾನೇ ಎದ್ದು ಹೋಗಿ
ನಮ್ಮನೆ ಬಾಗಿಲ ಹಿಡಿಕೆ ಹಿಡಿದು ನಿಂತೆ:
ತಣ್ಣಗಿತ್ತು, ಅಷ್ಟೇ.

ಹುಡುಗಿಯ ವಿಳಾಸ ಕೇಳಿಕೊಳ್ಳಬೇಕಿತ್ತು.
ಮನೆ ಸೇರಿ, ಕೋಟು ಬಿಚ್ಚದೆ ಕೂತು,
ಬಾಗಿಲಾಚೆಯವನಿಗೆ ಒಂದು ಹಲ್ಲುನೋವು ಕೊಟ್ಟೆ,
ಎಡ ದವಡೆ, ಕೊನೆಯದು.
ಹಿಡಿಕೆ ಬಿಟ್ಟು ಕೆನ್ನೆ ಹಿಡಿದುಕೊಂಡ.
ಬಾಗಿಲು ಒಳಗಿನಿಂದ ತೆರೆಯಿತು.
"ಲವಂಗ ಇದೆಯಾ?" ಅಂದ.